ಕಡತದಲ್ಲಿ ಕ್ಲಿಂಟನ್ ಹೆಸರು: ಹೇಳಿದವರು ಯಾರು, ಯಾಕೆ ಹೇಳಿದರು?

2024ರ ಜನವರಿ 3ರಂದು ನ್ಯೂಯಾರ್ಕ್‌ನ ಫೆಡರಲ್ ಕೋರ್ಟಿನಿಂದ ಒಂದು ಹಳೆಯ ಮಾನಹಾನಿ ದಾವೆಯ ಕಾಗದಪತ್ರಗಳು ಕಂತು ಕಂತಾಗಿ ಹೊರಬರತೊಡಗಿದವು. ಲೈಂಗಿಕ ಅಪರಾಧಕ್ಕೆ ಶಿಕ್ಷೆ ಅನುಭವಿಸಿದ್ದ ಅಮೆರಿಕದ ಧನಿಕ ಜೆಫ್ರಿ ಎಪ್‌ಸ್ಟೀನ್‌ಗೆ ಸಂಬಂಧಪಟ್ಟವು ಎಂಬ ಕಾರಣಕ್ಕೆ ಆ ಪುಟಗಳಿಗಾಗಿ ದೊಡ್ಡ ಜನಸ್ತೋಮವೇ ಕಾದಿತ್ತು. ‘ಕ್ಲಿಂಟನ್ ಹೆಸರು ಬಂದಿದೆ’ ಎಂಬ ತಲೆಬರಹ ಆ ರಾತ್ರಿಯೇ ಎಲ್ಲ ಕಡೆ ಓಡಾಡಿತು. ಅದು ಸುಳ್ಳಲ್ಲ. ಅಮೆರಿಕದ 42ನೇ ಅಧ್ಯಕ್ಷರಾಗಿದ್ದ ಬಿಲ್ ಕ್ಲಿಂಟನ್ ಅವರ ಹೆಸರು ಆ ಕಡತದಲ್ಲಿ ಹತ್ತಾರು ಕಡೆ ಇದೆ. ಆದರೆ ಅದು ಯಾವ ಪುಟದಲ್ಲಿದೆ, ಯಾರ ಬಾಯಿಂದ ಬಂತು, ಯಾವ ಪ್ರಶ್ನೆಗೆ ಉತ್ತರವಾಗಿ ಬಂತು ಎಂದು ತೆರೆದು ನೋಡಿದವರು ಕಡಿಮೆ. ನೋಡಿದರೆ ಸಿಗುವ ಚಿತ್ರಕ್ಕೂ ತಲೆಬರಹ ಮೂಡಿಸುವ ಚಿತ್ರಕ್ಕೂ ಬಹಳ ಅಂತರವಿದೆ.

ಮೊದಲು ಈ ಕಡತ ಯಾವುದು ಎಂಬುದು ಸ್ಪಷ್ಟವಾಗಬೇಕು. ಇದು ಪೊಲೀಸರ ಆರೋಪಪಟ್ಟಿಯಲ್ಲ. ಜನ ಅಂದುಕೊಂಡಂತೆ ಎಪ್‌ಸ್ಟೀನ್‌ನ ‘ಗಿರಾಕಿಗಳ ಪಟ್ಟಿ’ಯೂ ಅಲ್ಲ. ಇದು ಇಬ್ಬರು ಮಹಿಳೆಯರ ನಡುವಿನ ಸಿವಿಲ್ ವ್ಯಾಜ್ಯ. ಹದಿಹರೆಯದಲ್ಲಿ ತನ್ನನ್ನು ಎಪ್‌ಸ್ಟೀನ್ ಲೈಂಗಿಕವಾಗಿ ಬಳಸಿಕೊಂಡ, ಅವನಿಗೆ ಅವನ ಒಡನಾಡಿ ಗಿಲೇನ್ ಮ್ಯಾಕ್ಸ್‌ವೆಲ್ ನೆರವಾದಳು ಎಂದು ವರ್ಜೀನಿಯಾ ಜುಫ್ರೆ ಬಹಿರಂಗವಾಗಿ ಹೇಳಿದ್ದರು. 2015ರ ಜನವರಿಯಲ್ಲಿ ಮ್ಯಾಕ್ಸ್‌ವೆಲ್ ಅವೆಲ್ಲ ಅಪ್ಪಟ ಸುಳ್ಳು ಎಂದು ಪತ್ರಿಕಾ ಹೇಳಿಕೆ ಕೊಟ್ಟಳು. ನನ್ನನ್ನು ಸುಳ್ಳುಗಾತಿ ಎಂದು ಕರೆದು ಮಾನ ಕಳೆದಿದ್ದಾಳೆ ಎಂದು ಜುಫ್ರೆ ಅದೇ ವರ್ಷ ದಾವೆ ಹೂಡಿದರು. ಹಾಗಾಗಿ ಕೋರ್ಟಿನ ಮುಂದಿದ್ದ ಮೂಲ ಪ್ರಶ್ನೆ ಒಂದೇ: ಜುಫ್ರೆ ಹೇಳಿದ್ದು ನಿಜವೋ, ಸುಳ್ಳೋ? ಉಳಿದ ಎಲ್ಲ ಹೆಸರುಗಳೂ ಈ ಪ್ರಶ್ನೆಗೆ ಪರವಾಗಿಯೋ ವಿರುದ್ಧವಾಗಿಯೋ ಒಳಗೆ ಬಂದವು.

2017ರಲ್ಲಿ ವಿಚಾರಣೆ ಶುರುವಾಗುವ ಮುನ್ನವೇ ಇಬ್ಬರೂ ರಾಜಿ ಮಾಡಿಕೊಂಡರು. ಕಡತದ ಬಹುಪಾಲು ಮೊಹರಿನೊಳಗೇ ಉಳಿಯಿತು. ‘ಮಯಾಮಿ ಹೆರಾಲ್ಡ್’ ಪತ್ರಿಕೆ ಮತ್ತು ಅದರ ವರದಿಗಾರ್ತಿ ಜೂಲಿ ಬ್ರೌನ್ ಮೊಹರು ತೆಗೆಯಿರಿ ಎಂದು ಕೋರ್ಟಿಗೆ ಹೋದರು. ಮೇಲ್ಮನವಿ ನ್ಯಾಯಾಲಯ ಅದನ್ನು ಒಪ್ಪಿ, ಸುಮಾರು 2,000 ಪುಟಗಳನ್ನು 2019ರ ಆಗಸ್ಟ್ 9ರಂದು ಬಿಡುಗಡೆ ಮಾಡಿತು. ಅದರ ಮರುದಿನ ಬೆಳಿಗ್ಗೆ ಎಪ್‌ಸ್ಟೀನ್ ಮ್ಯಾನ್‌ಹ್ಯಾಟನ್ ಜೈಲಿನಲ್ಲಿ ಸತ್ತಿದ್ದ. ಉಳಿದ ಕಾಗದಗಳ ಜವಾಬ್ದಾರಿ ನ್ಯಾಯಾಧೀಶೆ ಲೊರೆಟ್ಟಾ ಪ್ರೆಸ್ಕಾ ಅವರ ಪಾಲಿಗೆ ಬಂತು. ಹೆಸರುಗಳನ್ನು ಮುಚ್ಚಿ ಪ್ರತಿಯೊಬ್ಬರಿಗೂ ‘ಡೋ’ ಎಂಬ ಗುಪ್ತನಾಮವನ್ನೂ ಒಂದು ಸಂಖ್ಯೆಯನ್ನೂ ಕೊಟ್ಟು, ಒಬ್ಬೊಬ್ಬರ ವಿಷಯವನ್ನೂ ಅವರು ಬೇರೆ ಬೇರೆಯಾಗಿ ಪರಿಶೀಲಿಸಿದರು. 2023ರ ಡಿಸೆಂಬರ್ 18ರಂದು 150ಕ್ಕೂ ಹೆಚ್ಚು ಮಂದಿಯ ಹೆಸರು ತೆರೆಯಲು ಆದೇಶಿಸಿದರು. ಕ್ಲಿಂಟನ್ ‘ಡೋ 36’ ಎಂದು ಅಮೆರಿಕದ ಸುದ್ದಿವಾಹಿನಿಗಳು ಮೊದಲೇ ಹೇಳಿದ್ದವು.

ಆ ಆದೇಶದಲ್ಲಿ ಪ್ರತಿ ಸಂಖ್ಯೆಯ ಎದುರು ಒಂದೆರಡು ಸಾಲಿನ ಕಾರಣವಿದೆ. ಈ ವ್ಯಕ್ತಿಯ ಹೆಸರು ಮಾಧ್ಯಮಗಳಲ್ಲಿ ಆಗಲೇ ಬಂದಿದೆ. ಈ ವ್ಯಕ್ತಿ ಆಕ್ಷೇಪಿಸಿಲ್ಲ. ಇವರು ಹಿಂದೆ ತಾವೇ ಸಂದರ್ಶನ ಕೊಟ್ಟಿದ್ದಾರೆ. ‘ಇವರ ವಿರುದ್ಧ ಸಾಕ್ಷ್ಯ ಸಿಕ್ಕಿದೆ, ಆದ್ದರಿಂದ ಹೆಸರು ತೆರೆಯಲಾಗಿದೆ’ ಎಂಬ ಕಾರಣ ಎಲ್ಲಿಯೂ ಇಲ್ಲ. ತೆರೆದ ಹೆಸರುಗಳಲ್ಲಿ ಸಂತ್ರಸ್ತೆಯರಿದ್ದರು, ಮನೆಗೆಲಸದವರಿದ್ದರು, ಪತ್ರಕರ್ತರಿದ್ದರು, ಸಾಕ್ಷಿಗಳಿದ್ದರು. ಅಪ್ರಾಪ್ತ ವಯಸ್ಸಿನಲ್ಲಿ ದೌರ್ಜನ್ಯಕ್ಕೆ ಒಳಗಾದ ಕೆಲವರ ಹೆಸರು ಮಾತ್ರ ಮುಚ್ಚಿಯೇ ಉಳಿಯಿತು. ಅಂದರೆ ಹೆಸರು ಹೊರಬಿದ್ದದ್ದು ಪಾರದರ್ಶಕತೆಯ ನಿಯಮದಿಂದ. ಅದಕ್ಕೆ ಅಪರಾಧದ ಅಳತೆಗೋಲು ಹಿಡಿಯಲು ಯಾರೂ ಹೋಗಿರಲಿಲ್ಲ.

ಹಾಗಾದರೆ ಮಾಜಿ ಅಧ್ಯಕ್ಷರು ಈ ವ್ಯಾಜ್ಯದೊಳಗೆ ಬಂದದ್ದಾದರೂ ಹೇಗೆ?

ಇದರ ಬೇರು 2011ರ ಒಂದು ಪತ್ರಿಕಾ ಸಂದರ್ಶನದಲ್ಲಿದೆ. ಬ್ರಿಟನ್ನಿನ ಪತ್ರಿಕೆಯೊಂದಕ್ಕೆ ಜುಫ್ರೆ ಕೊಟ್ಟ ಸಂದರ್ಶನದಲ್ಲಿ, ಎಪ್‌ಸ್ಟೀನ್‌ನ ಖಾಸಗಿ ದ್ವೀಪದಲ್ಲಿ ಕ್ಲಿಂಟನ್ ಅವರನ್ನು ನೋಡಿದ್ದಾಗಿ ಬಂದಿತ್ತು. ಅವರು ತಪ್ಪು ಮಾಡಿದರು ಎಂದು ಜುಫ್ರೆ ಆಗಲೂ ಹೇಳಿರಲಿಲ್ಲ, ಆಮೇಲೂ ಹೇಳಲಿಲ್ಲ. ಆದರೆ ದಾವೆ ಶುರುವಾದಾಗ ಮ್ಯಾಕ್ಸ್‌ವೆಲ್ ಕಡೆಯ ವಕೀಲರಿಗೆ ಈ ಮಾತು ಒಳ್ಳೆಯ ಅಸ್ತ್ರವಾಗಿ ಕಂಡಿತು. ಎಫ್‌ಬಿಐನ ಮಾಜಿ ನಿರ್ದೇಶಕ ಲೂಯಿ ಫ್ರೀ ಅವರು ಅಧ್ಯಕ್ಷರ ಭದ್ರತೆ ನೋಡಿಕೊಳ್ಳುವ ಸೀಕ್ರೆಟ್ ಸರ್ವಿಸ್‌ಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ, ಕ್ಲಿಂಟನ್ ಆ ದ್ವೀಪಕ್ಕೆ ಹೋದದ್ದಕ್ಕೆ ದಾಖಲೆ ಸಿಗಲಿಲ್ಲ ಎಂದು ವರದಿ ಕೊಟ್ಟಿದ್ದರು. ಇಷ್ಟು ದೊಡ್ಡ ಮನುಷ್ಯನ ವಿಷಯದಲ್ಲೇ ಈಕೆ ಹೇಳಿದ್ದು ನಿಲ್ಲುವುದಿಲ್ಲ, ಮಿಕ್ಕಿದ್ದನ್ನು ಹೇಗೆ ನಂಬುತ್ತೀರಿ ಎಂಬುದು ಮ್ಯಾಕ್ಸ್‌ವೆಲ್ ವಕೀಲರ ವಾದ.

ಜುಫ್ರೆ ಕಡೆಯವರು ಅದಕ್ಕೆ ಪ್ರತಿಯಾಗಿ, ಹಾಗಾದರೆ ಕ್ಲಿಂಟನ್ ಅವರನ್ನೇ ಕರೆದು ಕೇಳೋಣ ಎಂದರು. ಅಮೆರಿಕದ ಫೆಡರಲ್ ಸಿವಿಲ್ ನಿಯಮದ ಪ್ರಕಾರ ಒಂದು ಪಕ್ಷ ಕೋರ್ಟಿನ ಅನುಮತಿ ಇಲ್ಲದೆ 10 ಮಂದಿಯಿಂದ ಮಾತ್ರ ಪ್ರಮಾಣೀಕೃತ ಹೇಳಿಕೆ ಪಡೆಯಬಹುದು. ಅದಕ್ಕಿಂತ ಹೆಚ್ಚು ಬೇಕಿದ್ದರೆ ಯಾರು, ಯಾಕೆ ಬೇಕು ಎಂದು ಅರ್ಜಿ ಹಾಕಿ ವಿವರಿಸಬೇಕು. 2016ರಲ್ಲಿ ಜುಫ್ರೆ ಅವರ ವಕೀಲರು ಹಾಕಿದ ಅಂಥ ಅರ್ಜಿಯಲ್ಲಿ ಮಾಜಿ ಅಧ್ಯಕ್ಷರ ಹೆಸರು ಕಣ್ಣಿಗೆ ರಾಚುವಂತಿದೆ. ಎಪ್‌ಸ್ಟೀನ್ ಮತ್ತು ಮ್ಯಾಕ್ಸ್‌ವೆಲ್ ಜೊತೆ ತಮಗಿದ್ದ ಒಡನಾಟದ ಬಗ್ಗೆ ಮಾಹಿತಿ ಕೊಡಬಲ್ಲ ಮುಖ್ಯ ವ್ಯಕ್ತಿ ಎಂದು ಅದು ಅವರನ್ನು ಕರೆಯುತ್ತದೆ. ಅದೇ ಅರ್ಜಿಯಲ್ಲಿ ಇನ್ನೊಂದು ಮಾತಿದೆ: ಬಿಲ್ ಕ್ಲಿಂಟನ್ ಕಾನೂನುಬಾಹಿರವಾದದ್ದು ಏನನ್ನೂ ಮಾಡಿದರೆಂದು ಜುಫ್ರೆ ಆರೋಪಿಸಿಲ್ಲ. ಮೊದಲ ಮಾತು ತಲೆಬರಹಗಳಿಗೆ ಹೋಯಿತು. ಎರಡನೆಯದು ಕಡತದಲ್ಲೇ ಉಳಿಯಿತು. ಈ ಹೇಳಿಕೆ ಪ್ರಕರಣಕ್ಕೆ ಸಂಬಂಧಪಟ್ಟದ್ದಲ್ಲ ಎಂದು ಮ್ಯಾಕ್ಸ್‌ವೆಲ್ ಕಡೆಯವರು ತಕರಾರು ತೆಗೆದರು. ಆಗಿನ ನ್ಯಾಯಾಧೀಶ ರಾಬರ್ಟ್ ಸ್ವೀಟ್ ಅನುಮತಿ ಕೊಡಲಿಲ್ಲ. ಹಾಗಾಗಿ ಆ ದಾವೆಯಲ್ಲಿ ಕ್ಲಿಂಟನ್ ಅವರ ಹೇಳಿಕೆ ದಾಖಲಾಗಲೇ ಇಲ್ಲ.

ಹೆಸರು ಅಷ್ಟೊಂದು ಸಲ ಯಾಕೆ ಕಾಣಿಸುತ್ತದೆ ಎಂಬುದಕ್ಕೆ ಉತ್ತರ ಬಹುಮಟ್ಟಿಗೆ ಇಲ್ಲೇ ಇದೆ. ಒಂದು ಅರ್ಜಿ, ಅದಕ್ಕೊಂದು ಆಕ್ಷೇಪಣೆ, ಆಕ್ಷೇಪಣೆಗೆ ಮರುಉತ್ತರ, ಪ್ರತಿಯೊಂದಕ್ಕೂ ಲಗತ್ತುಗಳು. ಒಂದೇ ಜಗಳ ನಾಲ್ಕಾರು ಕಾಗದಗಳಲ್ಲಿ ಮತ್ತೆ ಮತ್ತೆ ಟೈಪ್ ಆಗುತ್ತದೆ. ಕೋರ್ಟ್ ಕಚೇರಿ ಅಲೆದವರಿಗೆ ಇದು ಗೊತ್ತಿರುವ ಸಂಗತಿ. ಹೆಸರು ಎಷ್ಟು ಸಲ ಬಂದಿದೆ ಎಂದು ಎಣಿಸಿ ತೀರ್ಮಾನಕ್ಕೆ ಬರುವವರು ನಿಜವಾಗಿ ಎಣಿಸುತ್ತಿರುವುದು ವಕೀಲರು ಎಷ್ಟು ಪುಟ ಬರೆದರು ಎಂಬುದನ್ನು.

ಇನ್ನು ಎಲ್ಲಕ್ಕಿಂತ ಹೆಚ್ಚು ಸುದ್ದಿಯಾದ ಆ ಒಂದು ಸಾಲಿಗೆ ಬರೋಣ. 2016ರ ಮೇ ತಿಂಗಳಲ್ಲಿ, ಹಿಂದೆ ಎಪ್‌ಸ್ಟೀನ್ ಬಳಿ ಕೆಲಸಕ್ಕಿದ್ದ ಮಹಿಳೆಯೊಬ್ಬರು ಪ್ರಮಾಣ ಮಾಡಿ ಹೇಳಿಕೆ ಕೊಟ್ಟರು. ‘ಕ್ಲಿಂಟನ್‌ಗೆ ಎಳೆಯ ವಯಸ್ಸಿನವರೆಂದರೆ ಇಷ್ಟ ಎಂದು ಒಂದು ಸಲ ಹೇಳಿದ್ದ’ ಎಂದು ಅವರು ನುಡಿದಿದ್ದಾರೆ. ಹುಡುಗಿಯರ ಬಗ್ಗೆ ಆಡಿದ ಮಾತು ಎಂದೂ ಸೇರಿಸಿದ್ದಾರೆ. ಓದಿದರೆ ಯಾರಿಗಾದರೂ ಎದೆ ಧಸಕ್ಕೆನ್ನುವ ಸಾಲು. ಆದರೆ ಈ ಮಾತು ಆಡಿದವನು ಎಪ್‌ಸ್ಟೀನ್. ಸಾಕ್ಷಿ ಹೇಳುತ್ತಿರುವುದು ಅವನು ಹೀಗಂದ ಎಂದು. ಅವನು ಅಂದದ್ದು ನಿಜವೇ ಎಂಬುದು ಬೇರೆಯೇ ಪ್ರಶ್ನೆ, ಅದನ್ನು ಆ ಸಾಕ್ಷಿ ತಿಳಿದಿರುವೆನೆಂದು ಹೇಳಿಕೊಂಡಿಲ್ಲ. ಇದೇ ಹೇಳಿಕೆಯಲ್ಲಿ, ಕ್ಲಿಂಟನ್ ಎಪ್‌ಸ್ಟೀನ್‌ನ ಸ್ನೇಹಿತರೇ ಎಂದು ವಕೀಲರು ಕೇಳಿದ್ದಾರೆ. ಅವರಿಬ್ಬರ ನಡುವೆ ವ್ಯವಹಾರ ಇದ್ದದ್ದು ಗೊತ್ತಿತ್ತು, ಸ್ನೇಹಿತರು ಅನ್ನುವುದು ಇಬ್ಬರೂ ಆಫ್ರಿಕಾಕ್ಕೆ ಹೋಗಿದ್ದರ ಬಗ್ಗೆ ‘ವ್ಯಾನಿಟಿ ಫೇರ್’ ಪತ್ರಿಕೆಯಲ್ಲಿ ಬಂದ ಲೇಖನ ಓದುವ ತನಕ ಗೊತ್ತಿರಲಿಲ್ಲ ಎಂದು ಆಕೆಯ ಉತ್ತರ. ಅಂದರೆ ಕ್ಲಿಂಟನ್ ಬಗ್ಗೆ ಆಕೆಗೆ ತಿಳಿದಿದ್ದರ ಒಂದು ಭಾಗ ಪತ್ರಿಕೆಯಿಂದ ಬಂದದ್ದು, ಇನ್ನೊಂದು ಭಾಗ ಎಪ್‌ಸ್ಟೀನ್ ಬಾಯಿಂದ. ಇದನ್ನು ಆಕೆ ಮುಚ್ಚಿಟ್ಟಿಲ್ಲ. ಪ್ರಾಮಾಣಿಕವಾಗಿ, ತನಗೆ ಹೇಗೆ ಗೊತ್ತು ಎಂಬುದನ್ನೂ ಸೇರಿಸಿಯೇ ಹೇಳಿದ್ದಾರೆ. ಆ ಪ್ರಾಮಾಣಿಕತೆಯನ್ನು ಕತ್ತರಿಸಿ ಹಾಕಿ ಒಂದೇ ಸಾಲನ್ನು ಹಂಚಿದ್ದು ಆಕೆಗೂ ಮಾಡಿದ ಅನ್ಯಾಯ ಎಂದೇ ನಾನು ಭಾವಿಸುತ್ತೇನೆ.

ಎಪ್‌ಸ್ಟೀನ್ ಆಡುತ್ತಿದ್ದ ಮಾತಿಗೆ ಎಷ್ಟು ತೂಕ ಕೊಡಬೇಕು? ಇದಕ್ಕೂ ಅದೇ ಹೇಳಿಕೆಯಲ್ಲಿ ಸುಳಿವಿದೆ. ಲಿಯೊನಾರ್ಡೊ ಡಿಕಾಪ್ರಿಯೊ, ಕೇಟ್ ಬ್ಲಾಂಚೆಟ್ ಮುಂತಾದ ಸಿನಿಮಾ ನಟರನ್ನು ಭೇಟಿಯಾಗಿದ್ದೀರಾ ಎಂದು ಆಕೆಯನ್ನು ಕೇಳಲಾಗುತ್ತದೆ. ಇಲ್ಲ ಎನ್ನುತ್ತಾರೆ. ಎಪ್‌ಸ್ಟೀನ್ ಫೋನಿನಲ್ಲಿ ಮಾತಾಡಿ ಮುಗಿಸಿ, ಈಗ ಮಾತಾಡಿದ್ದು ಇಂಥವರು ಎಂದು ಹೇಳಿಕೊಳ್ಳುತ್ತಿದ್ದನಂತೆ. ದೊಡ್ಡವರ ಹೆಸರು ಹೇಳಿ ಜಂಭ ಕೊಚ್ಚುತ್ತಿದ್ದನೇ ಎಂದು ವಕೀಲರು ಕೇಳಿದರೆ, ಹೌದು ಎಂಬ ಉತ್ತರ. ಡಿಕಾಪ್ರಿಯೊ, ಬ್ಲಾಂಚೆಟ್ ಹೆಸರುಗಳು ‘ಎಪ್‌ಸ್ಟೀನ್ ಕಡತದಲ್ಲಿವೆ’ ಎಂದು ಹಬ್ಬಿದ್ದು ಈ ಪ್ರಶ್ನೋತ್ತರದಿಂದ. ಭೇಟಿಯಾಗಿಲ್ಲ ಎಂದು ಹೇಳಿದ್ದಕ್ಕೇ ಹೆಸರು ಕಡತ ಸೇರಿತು, ಕಡತ ಸೇರಿದ್ದಕ್ಕೇ ಕಳಂಕ ಹತ್ತಿತು.

ಕಡತ ಹೊರಬಂದ 2024ರ ಹೊತ್ತಿಗೆ ಇನ್ನೊಬ್ಬ ಮಾಜಿ ಅಧ್ಯಕ್ಷರಾಗಿದ್ದ ಡೊನಾಲ್ಡ್ ಟ್ರಂಪ್ ಅವರ ಹೆಸರೂ ಇದೇ ಹೇಳಿಕೆಯಲ್ಲಿದೆ. ಹವಾಮಾನ ಕೆಟ್ಟು ವಿಮಾನ ನ್ಯೂಯಾರ್ಕ್‌ನಲ್ಲಿ ಇಳಿಯಲಾಗದೆ ಅಟ್ಲಾಂಟಿಕ್ ಸಿಟಿಗೆ ತಿರುಗಬೇಕಾಯಿತು. ಸರಿ ಹಾಗಾದರೆ, ಟ್ರಂಪ್‌ಗೆ ಫೋನ್ ಮಾಡಿ ಅವರ ಕ್ಯಾಸಿನೊಗೆ ಹೋಗೋಣ ಎಂದು ಎಪ್‌ಸ್ಟೀನ್ ಅಂದ. ಟ್ರಂಪ್‌ಗೆ ಯಾವತ್ತಾದರೂ ಮಸಾಜ್ ಮಾಡಿದ್ದೀರಾ ಎಂಬ ಪ್ರಶ್ನೆಗೆ ಇಲ್ಲ ಎಂಬ ಉತ್ತರ. ಕ್ಲಿಂಟನ್ ಸಾಲನ್ನು ಒಂದು ಪಕ್ಷದವರು ಹಂಚಿದರು, ಟ್ರಂಪ್ ಸಾಲನ್ನು ಇನ್ನೊಂದು ಪಕ್ಷದವರು. ಒಂದೇ ಹೇಳಿಕೆಯ ಪುಟಗಳನ್ನು ಎರಡು ಗುಂಪುಗಳು ಎರಡು ರೀತಿ ಕತ್ತರಿಸಿಕೊಂಡವು.

ಹೆಸರೊಂದು ತೀರಾ ತಲೆಕೆಳಗಾಗಿ ಓದಿಸಿಕೊಂಡ ಉದಾಹರಣೆ ವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರದು. 2015ರ ಜನವರಿಯಲ್ಲಿ ಎಪ್‌ಸ್ಟೀನ್ ಮ್ಯಾಕ್ಸ್‌ವೆಲ್‌ಗೆ ಒಂದು ಇಮೇಲ್ ಕಳಿಸಿದ. ಜುಫ್ರೆ ಹೇಳುತ್ತಿರುವುದು ಸುಳ್ಳು ಎಂದು ಸಾಬೀತು ಮಾಡಲು ನೆರವಾಗುವ ಆಕೆಯ ಪರಿಚಿತರಿಗೆ ಬಹುಮಾನ ಘೋಷಿಸಬಹುದು ಎಂಬುದು ಅದರ ಸಾರ. ಸುಳ್ಳೆಂದು ತೋರಿಸಲು ಅತಿ ಬಲವಾದವು ಎಂದು ಎರಡು ಸಂಗತಿಗಳನ್ನು ಅವನೇ ಸೂಚಿಸಿದ್ದಾನೆ: ಒಂದು ಕ್ಲಿಂಟನ್ ಜೊತೆಗಿನ ಭೋಜನ, ಇನ್ನೊಂದು ವರ್ಜಿನ್ ದ್ವೀಪಗಳಲ್ಲಿ ಹಾಕಿಂಗ್ ಪಾಲ್ಗೊಂಡರೆಂಬ ಅಸಹ್ಯದ ಕಥೆ. ಆಪಾದನೆಗಳನ್ನು ಅಲ್ಲಗಳೆಯಲು ಬರೆದ ಇಮೇಲ್ ಅದು. ಬರೆದವನು ಶಿಕ್ಷೆ ಅನುಭವಿಸಿದ ಅಪರಾಧಿ, ತನ್ನ ಚರ್ಮ ಉಳಿಸಿಕೊಳ್ಳಲು ಹೆಣಗುತ್ತಿದ್ದವನು, ಅವನ ನಿರಾಕರಣೆಯನ್ನೂ ನಂಬಬೇಕಿಲ್ಲ. ಆದರೆ 2024ರ ಜನವರಿಯಲ್ಲಿ ಅದೇ ಸಾಲು ಹಾಕಿಂಗ್ ವಿರುದ್ಧದ ‘ಬಯಲಾದ ಸತ್ಯ’ವಾಗಿ ತಿರುಗಿತು. ತೀರಿಕೊಂಡು ಆಗಲೇ ಆರು ವರ್ಷವಾಗುತ್ತ ಬಂದಿದ್ದ ಮನುಷ್ಯ ಉತ್ತರ ಕೊಡುವಂತೆಯೂ ಇರಲಿಲ್ಲ.

ಕಡತದಲ್ಲಿ ಪತ್ರಿಕಾ ತುಣುಕುಗಳೂ ಇವೆ, ಅವುಗಳಲ್ಲಿರುವ ಹೆಸರುಗಳೂ ‘ಕಡತದಲ್ಲಿರುವ ಹೆಸರು’ಗಳಾಗಿಬಿಡುತ್ತವೆ. ತಮ್ಮ ಹಳೆಯ ಸಂದರ್ಶನದಲ್ಲಿ ಏನೇನು ತಪ್ಪಾಗಿ ಅಚ್ಚಾಗಿದೆ ಎಂದು ಜುಫ್ರೆ ಅವರನ್ನೇ ಪಾಟಿ ಸವಾಲಿನಲ್ಲಿ ಸಾಲು ಸಾಲಾಗಿ ಕೇಳಲಾಗಿದೆ. ಟ್ರಂಪ್ ತಮ್ಮೊಡನೆ ಸಲಿಗೆಯ ಮಾತಾಡಿದರು ಎಂದು ಬಂದದ್ದು ಸರಿಯಲ್ಲ ಎಂದು ಅವರು ಅಲ್ಲೇ ತಿದ್ದಿದ್ದಾರೆ. ಇನ್ನೊಂದು ಕಡೆ, 2011ರಲ್ಲಿ ಜುಫ್ರೆ ಪತ್ರಕರ್ತೆಯೊಬ್ಬರಿಗೆ ಬರೆದ ಇಮೇಲ್ ಇದೆ. ಎಪ್‌ಸ್ಟೀನ್ ಬಗ್ಗೆ ಬರೆಯಬೇಡಿ ಎಂದು ಕ್ಲಿಂಟನ್ ‘ವ್ಯಾನಿಟಿ ಫೇರ್’ ಕಚೇರಿಗೇ ಹೋಗಿ ಬೆದರಿಸಿದ್ದರು ಎಂದು ಅದರಲ್ಲಿದೆ. ಆ ಪತ್ರಿಕೆಯ ಆಗಿನ ಸಂಪಾದಕ ಗ್ರೇಡನ್ ಕಾರ್ಟರ್ ಹಾಗೇನೂ ನಡೆದೇ ಇಲ್ಲ ಎಂದು ಖಡಾಖಂಡಿತವಾಗಿ ಹೇಳಿದರು. ಇಮೇಲ್ ಅಸಲಿ. ಅದರೊಳಗಿನ ಸಂಗತಿಯನ್ನು ಸಂಬಂಧಪಟ್ಟವರೇ ಅಲ್ಲಗಳೆದಿದ್ದಾರೆ. ಕಾಗದದ ಅಸಲಿತನವೇ ಬೇರೆ, ಅದರಲ್ಲಿ ಬರೆದಿದ್ದರ ಸತ್ಯವೇ ಬೇರೆ. ಬಿಡುಗಡೆಯಾದ ಕಡತ ಓದುವಾಗ ಬಹುಪಾಲು ಜನ ಎಡವುವುದು ಇಲ್ಲಿ.

ಇಷ್ಟೆಲ್ಲ ಹೇಳಿದ ಮೇಲೆ ಎದುರಿನ ಅಪಾಯವನ್ನೂ ಹೇಳಬೇಕು. ಪ್ರಾಸಂಗಿಕ ಉಲ್ಲೇಖ ಅಷ್ಟೇ ಎನ್ನುವ ಮಾತು ದೊಡ್ಡವರಿಗೆ ಸಲೀಸಾಗಿ ಜಾರಿಕೊಳ್ಳುವ ದಾರಿಯೂ ಆಗಬಹುದು. ಎಲ್ಲ ಉಲ್ಲೇಖಗಳೂ ಗಾಳಿಮಾತಲ್ಲ. ವಿಮಾನದ ಪ್ರಯಾಣಿಕರ ದಾಖಲೆಯನ್ನೇ ನೋಡಿ. ಪೈಲಟ್ ತನ್ನ ಕೈಬರಹದಲ್ಲಿ ದಿನಾಂಕ, ಎಲ್ಲಿಂದ ಎಲ್ಲಿಗೆ, ಯಾರು ಯಾರು ಎಂದು ಬರೆದಿಟ್ಟ ಪುಸ್ತಕ ಅದು. ಯಾರ ಮೇಲಾದರೂ ಆಪಾದನೆ ಹೊರಿಸಲು ಬರೆದದ್ದಲ್ಲ, ದಿನನಿತ್ಯದ ಕೆಲಸವಾಗಿ ಬರೆದದ್ದು. ಅದಕ್ಕಾಗಿಯೇ ಅದಕ್ಕೆ ಬೆಲೆ ಹೆಚ್ಚು. 2002 ಮತ್ತು 2003ರ ಪುಟಗಳಲ್ಲಿ ಕ್ಲಿಂಟನ್ ಹೆಸರಿದೆ. ಅಧ್ಯಕ್ಷ ಪದವಿ ಬಿಟ್ಟ ಮೇಲೆ ಅವರು ಎಪ್‌ಸ್ಟೀನ್‌ನ ವಿಮಾನದಲ್ಲಿ ಓಡಾಡಿದ್ದು ಸಂದೇಹಕ್ಕೆ ಎಡೆಯಿಲ್ಲದ ಸಂಗತಿ, ಅವರೂ ಅಲ್ಲಗಳೆದಿಲ್ಲ.

ಎಷ್ಟು ಸಲ ಎಂಬಲ್ಲಿ ಮಾತ್ರ ಗೊಂದಲ. 2016ರಲ್ಲಿ ಕನಿಷ್ಠ 26 ಬಾರಿ ಎಂದು ಸುದ್ದಿಯಾಯಿತು. 2019ರ ಜುಲೈನಲ್ಲಿ ಅವರ ವಕ್ತಾರರು ನಾಲ್ಕು ಪ್ರವಾಸ ಎಂದರು: ಯೂರೋಪಿಗೆ ಒಂದು, ಏಷ್ಯಾಕ್ಕೆ ಒಂದು, ಆಫ್ರಿಕಾಕ್ಕೆ ಎರಡು, ಅವುಗಳ ನಡುವೆ ಕ್ಲಿಂಟನ್ ಫೌಂಡೇಶನ್ ಕೆಲಸಕ್ಕೆ ನಿಂತ ಊರುಗಳೂ ಇದ್ದವು, ಪ್ರತಿ ಹಂತದಲ್ಲೂ ಸಿಬ್ಬಂದಿ ಮತ್ತು ಸೀಕ್ರೆಟ್ ಸರ್ವಿಸ್‌ನವರು ಜೊತೆಗಿದ್ದರು ಎಂದರು. ಎರಡು ಅಂಕಿಗಳಿಗೂ ಬಹುಮಟ್ಟಿಗೆ ಒಂದೇ ಮೂಲ, ಎಣಿಸಿದ ರೀತಿ ಬೇರೆ. ಪೈಲಟ್ ಪುಸ್ತಕದಲ್ಲಿ ವಿಮಾನ ಒಮ್ಮೆ ಏರಿ ಇಳಿದರೆ ಒಂದು ಸಾಲು. ಬೆಂಗಳೂರಿನಿಂದ ಹೊರಟು ಹುಬ್ಬಳ್ಳಿ, ಬೆಳಗಾವಿ, ಕಲಬುರಗಿಯಲ್ಲಿ ಇಳಿದು ವಾಪಸ್ ಬಂದರೆ ನಮ್ಮ ಲೆಕ್ಕದಲ್ಲಿ ಒಂದು ಪ್ರವಾಸ, ಪೈಲಟ್ ಲೆಕ್ಕದಲ್ಲಿ ನಾಲ್ಕು ಸಾಲು. 2002ರ ಸೆಪ್ಟೆಂಬರ್‌ನಲ್ಲಿ ನಟರಾದ ಕೆವಿನ್ ಸ್ಪೇಸಿ, ಕ್ರಿಸ್ ಟಕ್ಕರ್ ಜೊತೆ ಹೋದ ಆಫ್ರಿಕಾ ಪ್ರವಾಸವೊಂದೇ ಹಲವು ಸಾಲುಗಳನ್ನು ತುಂಬುತ್ತದೆ. ವಿಮಾನ ಹತ್ತಿದರು ಎನ್ನುವುದಕ್ಕೆ ಈ ಪುಸ್ತಕ ಗಟ್ಟಿ ಆಧಾರ. ಇಳಿದ ಮೇಲೆ ಏನಾಯಿತು ಎನ್ನುವುದಕ್ಕೆ ಅಲ್ಲ.

ಹೀಗೆ ಅಳೆದು ನೋಡಿದ ಮೇಲೆ ಉಳಿಯುವ ಪ್ರಶ್ನೆಗಳು ನಿಜಕ್ಕೂ ಕೇಳಬೇಕಾದವು. ಆ ಒಡನಾಟ ಹೇಗೆ ಬೆಳೆಯಿತು? ಅಮೆರಿಕದ ಮಾಜಿ ಅಧ್ಯಕ್ಷರ ಸಖ್ಯ ಎಪ್‌ಸ್ಟೀನ್‌ಗೆ ಎಂಥ ಗೌರವದ ಹೊದಿಕೆ ಕೊಟ್ಟಿತು? ಆ ಹೊದಿಕೆ ನೋಡಿ ಎಷ್ಟು ಮಂದಿ ಅವನನ್ನು ನಂಬಿದರು? ಎಪ್‌ಸ್ಟೀನ್‌ನ ಅಪರಾಧಗಳ ಬಗ್ಗೆ ತಮಗೇನೂ ಗೊತ್ತಿರಲಿಲ್ಲ, ದ್ವೀಪಕ್ಕೆ ಹೋಗಿಯೇ ಇಲ್ಲ ಎಂದು ಕ್ಲಿಂಟನ್ ಕಡೆಯವರು ಮೊದಲಿನಿಂದ ಹೇಳಿದ್ದಾರೆ. 2024ರ ಆತ್ಮಕಥನದಲ್ಲಿ ಅವರೇ, ಅವನನ್ನು ಭೇಟಿಯಾಗದೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ಬರೆದರು. ಅಷ್ಟರಿಂದ ಮುಗಿಯುವ ವಿಷಯ ಇದು ಎಂದು ನನಗನ್ನಿಸುವುದಿಲ್ಲ. ಆದರೆ ಈ ಪ್ರಶ್ನೆಗಳನ್ನು ಬಲವಾಗಿ ಕೇಳಲು ವಿಮಾನದ ದಾಖಲೆ, ಭೇಟಿಯ ದಾಖಲೆಗಳಂಥವು ಬೇಕು. ಎಪ್‌ಸ್ಟೀನ್ ಕೊಚ್ಚಿಕೊಂಡ ಮಾತು ಹಿಡಿದು ಕೇಳಿದರೆ ಪ್ರಶ್ನೆಯೇ ಹಗುರವಾಗುತ್ತದೆ.

ಇದುವರೆಗೆ ನೋಡಿದ್ದು ಸಿವಿಲ್ ದಾವೆಯ ಕಾಗದ. ತನಿಖಾ ಸಂಸ್ಥೆಯ ಕಡತದಲ್ಲಿ ಕಷ್ಟ ಇನ್ನೂ ಹೆಚ್ಚು. ಎಫ್‌ಬಿಐನಂಥ ಸಂಸ್ಥೆಗೆ ಯಾರು ಬೇಕಾದರೂ ಫೋನ್ ಮಾಡಿ, ಪತ್ರ ಬರೆದು ಏನು ಬೇಕಾದರೂ ಹೇಳಬಹುದು. ಅದನ್ನು ದಾಖಲಿಸಿಕೊಳ್ಳುವುದು ಅಧಿಕಾರಿಯ ಕರ್ತವ್ಯ. ದಾಖಲಾಯಿತೆಂದರೆ ಯಾರೋ ಹೇಳಿದರು ಎಂದಷ್ಟೇ ಅರ್ಥ. ಪರಿಶೀಲನೆ ಆಮೇಲಿನ ಮಾತು. 2025ರ ನವೆಂಬರ್ 19ರಂದು ಅಮೆರಿಕದಲ್ಲಿ ಎಪ್‌ಸ್ಟೀನ್ ಕಡತಗಳನ್ನು ಬಹಿರಂಗ ಮಾಡುವ ಕಾಯ್ದೆಗೆ ಅಧ್ಯಕ್ಷರ ಸಹಿ ಬಿತ್ತು. ಕೆಳಮನೆಯಲ್ಲಿ ಅದರ ಪರ 427 ಮತ, ವಿರುದ್ಧ ಒಂದೇ ಒಂದು. ಮುಜುಗರವಾಗುತ್ತದೆ, ಹೆಸರು ಕೆಡುತ್ತದೆ, ರಾಜಕೀಯವಾಗಿ ಸೂಕ್ಷ್ಮ ಎಂಬ ಕಾರಣಗಳಿಗೆ ಯಾವ ಕಾಗದವನ್ನೂ ತಡೆಹಿಡಿಯುವಂತಿಲ್ಲ ಎಂದು ಕಾಯ್ದೆಯಲ್ಲೇ ಬರೆದಿದೆ. ಅದು ಸರಿಯಾದ ನಿಯಮ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅಧಿಕಾರದಲ್ಲಿದ್ದವರ ಮುಜುಗರ ಉಳಿಸಲು ಕಡತ ಮುಚ್ಚಿಡುವುದು ಎಲ್ಲಕ್ಕಿಂತ ಕೆಟ್ಟದ್ದು. ಆದರೆ ಈ ನಿಯಮದಿಂದ ಪರಿಶೀಲಿಸಿದ್ದು, ಪರಿಶೀಲಿಸದೇ ಇದ್ದದ್ದು ಎಲ್ಲವೂ ಒಟ್ಟೊಟ್ಟಿಗೆ ಹೊರಬರುತ್ತವೆ.

ಅದರ ನಮೂನೆ ಬಿಡುಗಡೆ ಶುರುವಾದ ಒಂದೇ ವಾರದೊಳಗೆ ಸಿಕ್ಕಿತು. 2025ರ ಡಿಸೆಂಬರ್ 19ರಿಂದ ನ್ಯಾಯ ಇಲಾಖೆ ಕಾಗದಗಳನ್ನೂ ಚಿತ್ರಗಳನ್ನೂ ಹೊರಬಿಡತೊಡಗಿತು. ಮೊದಲ ಕಂತಿನಲ್ಲಿ ಕ್ಲಿಂಟನ್ ಅವರ ಹಳೆಯ ಫೋಟೊಗಳು ಎದ್ದು ಕಂಡವು. ಕೆಲವೇ ದಿನಗಳಲ್ಲಿ ಬಂದ ಇನ್ನೊಂದು ಕಂತಿನಲ್ಲಿ ಎಪ್‌ಸ್ಟೀನ್ ಜೈಲಿನಿಂದ ಲ್ಯಾರಿ ನಸ್ಸರ್ ಎಂಬ ಇನ್ನೊಬ್ಬ ಲೈಂಗಿಕ ಅಪರಾಧಿಗೆ ಬರೆದನೆನ್ನಲಾದ ಒಂದು ಪತ್ರವಿತ್ತು, ಅದರಲ್ಲಿ ‘ನಮ್ಮ ಅಧ್ಯಕ್ಷರು’ ಎಂಬ ಉಲ್ಲೇಖವಿತ್ತು. ಜನ ಮುಗಿಬಿದ್ದರು. ಆ ಪತ್ರ ನಕಲಿ ಎಂದು ಇಲಾಖೆಯೇ ಪ್ರಕಟಿಸಬೇಕಾಯಿತು. ಕೈಬರಹ ಹೊಂದುತ್ತಿರಲಿಲ್ಲ. ಎಪ್‌ಸ್ಟೀನ್ ಇದ್ದದ್ದು ನ್ಯೂಯಾರ್ಕ್ ಜೈಲಿನಲ್ಲಿ, ಲಕೋಟೆಯ ಮೇಲಿನ ಅಂಚೆ ಮುದ್ರೆ ವರ್ಜೀನಿಯಾ ರಾಜ್ಯದ್ದು. ಅದೂ ಅವನು ಸತ್ತು ಮೂರು ದಿನವಾದ ಮೇಲಿನದು. ಸರ್ಕಾರ ಬಿಡುಗಡೆ ಮಾಡಿದೆ ಎಂದಮಾತ್ರಕ್ಕೆ ಅದರೊಳಗಿನದು ನಿಜವಾಗುವುದಿಲ್ಲ ಎಂದು ಇಲಾಖೆ ಸೇರಿಸಿತು. ಯಾರೋ ಹುಟ್ಟಿಸಿದ ಪತ್ರ ಜೈಲಿಗೆ ಬಂತು, ಅಲ್ಲಿಂದ ತನಿಖಾ ಕಡತಕ್ಕೆ ಹೋಯಿತು, ಆರು ವರ್ಷದ ನಂತರ ಸರ್ಕಾರದ ದಾಖಲೆಯಾಗಿ ನಮ್ಮ ಮೊಬೈಲಿಗೆ ಬಂತು. ಅಂಚೆ ಮುದ್ರೆಯನ್ನು ಮೊದಲೇ ನೋಡಿದ್ದವರಿಗೆ ಅನುಮಾನ ಹುಟ್ಟಲು ಅಷ್ಟು ಸಾಕಿತ್ತು.

2019ರ ಬಿಡುಗಡೆಯ ಹೊತ್ತಿಗೇ ಮೇಲ್ಮನವಿ ನ್ಯಾಯಾಲಯ ಈ ಎಚ್ಚರಿಕೆ ಕೊಟ್ಟಿತ್ತು. ನ್ಯಾಯಾಧೀಶ ಹೋಸೆ ಕಬ್ರಾನೆಸ್ ಬರೆದ ಆ ತೀರ್ಪಿನ ಕೊನೆಯ ಭಾಗ ಓದಲೇಬೇಕಾದದ್ದು. ಪಕ್ಷಗಾರರು ಕೋರ್ಟಿಗೆ ಸಲ್ಲಿಸುವ ಕಾಗದಗಳು ಕೋರ್ಟಿನ ತೀರ್ಮಾನಗಳಲ್ಲ, ತಮ್ಮ ತಮ್ಮ ಹಿತಕ್ಕಾಗಿ ಅವರು ಸಿದ್ಧಪಡಿಸಿಕೊಂಡವು ಎಂದು ಅವರು ಬರೆದರು. ಅಮೆರಿಕದ ಕಾನೂನಿನಲ್ಲಿ ದಾವೆಯ ಕಾಗದದಲ್ಲಿ ಬರೆದದ್ದಕ್ಕೆ ಬಹುಮಟ್ಟಿಗೆ ಮಾನಹಾನಿ ಮೊಕದ್ದಮೆಯ ಭಯವಿಲ್ಲ. ಅದೇ ಮಾತನ್ನು ಬೀದಿಯಲ್ಲಿ ನಿಂತು ಹೇಳಿದರೆ ಉತ್ತರ ಕೊಡಬೇಕಾಗುತ್ತದೆ. ಹಾಗಾಗಿ ಮಾಧ್ಯಮಗಳು ಸಂಯಮ ತೋರಬೇಕು, ಓದುಗರು ವಿವೇಚನೆಯಿಂದ ಓದಬೇಕು ಎಂದು ತೀರ್ಪು ಕೇಳಿಕೊಂಡಿತು.

ನಮ್ಮ ಓದುಗರಿಗೆ ಇದು ಹೊಸದಲ್ಲ. 1991ರಲ್ಲಿ ಸಿಬಿಐ ದಾಳಿಯಲ್ಲಿ ಸಿಕ್ಕ ಜೈನ್ ಸಹೋದರರ ಹವಾಲಾ ಡೈರಿ ನೆನಪಿರಬಹುದು. ಮೊದಲಕ್ಷರಗಳು, ಎದುರಿಗೆ ಅಂಕಿಗಳು. ಆ ಪ್ರಕರಣದಲ್ಲಿ ಹೆಸರು ಬಂದದ್ದಕ್ಕೆ 1996ರ ಜನವರಿಯಲ್ಲಿ ಲಾಲ್‌ಕೃಷ್ಣ ಆಡ್ವಾಣಿ ಲೋಕಸಭೆಗೆ ರಾಜೀನಾಮೆ ಕೊಟ್ಟರು. 1998ರಲ್ಲಿ ಸುಪ್ರೀಂ ಕೋರ್ಟ್, ಬಿಡಿ ಹಾಳೆಗಳು ಲೆಕ್ಕಪುಸ್ತಕವೇ ಅಲ್ಲ, ಲೆಕ್ಕಪುಸ್ತಕದಲ್ಲಿದ್ದರೂ ಬರಹವೊಂದರಿಂದಲೇ ಯಾರ ಮೇಲೂ ಹೊಣೆ ಹೊರಿಸಲಾಗದು, ಸ್ವತಂತ್ರ ಸಾಕ್ಷ್ಯ ಬೇಕು ಎಂದಿತು. ಆ ತೀರ್ಪಿನಿಂದ ಪ್ರಭಾವಿಗಳು ಪಾರಾದರು ಎಂಬ ಅಸಮಾಧಾನ ಇಂದಿಗೂ ಹಲವರಿಗಿದೆ. ನನ್ನ ಮಟ್ಟಿಗೆ ಆ ಅಸಮಾಧಾನ ತಿರುಗಬೇಕಾದದ್ದು ಸ್ವತಂತ್ರ ಸಾಕ್ಷ್ಯ ಹುಡುಕಬೇಕಾಗಿದ್ದ ತನಿಖೆಯ ಕಡೆಗೆ. ಹಾಳೆಯ ಮೇಲಿನ ಮೊದಲಕ್ಷರವೇ ಸಾಕು ಎಂದು ಕೋರ್ಟ್ ಒಪ್ಪಿಬಿಟ್ಟಿದ್ದರೆ, ನಾಳೆ ಯಾರ ಹೆಸರನ್ನು ಬೇಕಾದರೂ ಯಾರು ಬೇಕಾದರೂ ಬರೆದಿಡಬಹುದಿತ್ತು.

ಕಡತದಲ್ಲೇ ಇಲ್ಲದ ಹೆಸರಿಗೂ ಪೆಟ್ಟು ಬೀಳುತ್ತದೆ. 2024ರ ಜನವರಿ ಬಿಡುಗಡೆಯ ಹಿಂದಿನ ದಿನ, ಫುಟ್‌ಬಾಲ್ ಆಟಗಾರ ಆ್ಯರನ್ ರಾಜರ್ಸ್ ಟಿವಿ ಕಾರ್ಯಕ್ರಮವೊಂದರಲ್ಲಿ, ಬೇರೊಂದು ಕಾರ್ಯಕ್ರಮದ ನಿರೂಪಕ ಜಿಮ್ಮಿ ಕಿಮ್ಮೆಲ್ ಹೆಸರೂ ಹೊರಬರಬಹುದೆಂಬ ಧಾಟಿಯಲ್ಲಿ ಮಾತಾಡಿದರು. ಕಾಗದಗಳು ಬಂದವು, ಕಿಮ್ಮೆಲ್ ಹೆಸರು ಇರಲಿಲ್ಲ. ಅಷ್ಟರಲ್ಲಿ ಕಿಮ್ಮೆಲ್, ಈ ಮಾತಿನಿಂದ ತಮ್ಮ ಕುಟುಂಬ ಅಪಾಯಕ್ಕೆ ಸಿಲುಕಿದೆ ಎಂದು ಹೇಳಿ ಮೊಕದ್ದಮೆಯ ಎಚ್ಚರಿಕೆ ಕೊಟ್ಟಿದ್ದರು.

ಇದರಲ್ಲಿ ನನಗೆ ಹೆಚ್ಚು ನೋವಾಗುವುದು ಬೇರೊಂದು ಕಾರಣಕ್ಕೆ. ಕ್ಲಿಂಟನ್ ಎಂದು ಹುಡುಕುವವರು ಆ ಹೇಳಿಕೆಗಳಲ್ಲಿ ಹತ್ತಾರು ಪುಟ ಹಾರಿಸಿಬಿಡುತ್ತಾರೆ. ಬಡ ಮನೆಯ ಹುಡುಗಿಯರನ್ನು ಯಾವ ಕೆಲಸದ ಆಸೆ ತೋರಿಸಿ ಕರೆತರಲಾಗುತ್ತಿತ್ತು, ಕರೆತಂದವರಿಗೆ ಎಷ್ಟು ಹಣ ಸಿಗುತ್ತಿತ್ತು, ಮನೆಯೊಳಗೆ ಯಾರು ಯಾವ ಆಜ್ಞೆ ಕೊಡುತ್ತಿದ್ದರು ಎಂಬ ವಿವರ ಇರುವುದು ಆ ಪುಟಗಳಲ್ಲೇ. ಅಲ್ಲಿ ಸಾಕ್ಷಿಗಳು ಹೇಳುತ್ತಿರುವುದು ತಾವೇ ಕಂಡದ್ದು, ತಾವೇ ಅನುಭವಿಸಿದ್ದು. ಅಂಥ ನೇರ ಸಾಕ್ಷ್ಯದ ಮೇಲೆಯೇ 2021ರ ಡಿಸೆಂಬರ್‌ನಲ್ಲಿ ಜ್ಯೂರಿ ಮ್ಯಾಕ್ಸ್‌ವೆಲ್‌ಳನ್ನು ಅಪರಾಧಿ ಎಂದಿತು, ಮರುವರ್ಷ 20 ವರ್ಷದ ಶಿಕ್ಷೆಯಾಯಿತು. ಜುಫ್ರೆ 2025ರ ಏಪ್ರಿಲ್‌ನಲ್ಲಿ ತೀರಿಕೊಂಡರು.

2025ರ ಕಾಯ್ದೆಯಲ್ಲಿ ಇನ್ನೊಂದು ಕಲಮು ಇದೆ. ಬಿಡುಗಡೆ ಮುಗಿದ ಮೇಲೆ, ಆ ಕಾಗದಗಳಲ್ಲಿ ಹೆಸರಿಸಲಾದ ಅಥವಾ ಉಲ್ಲೇಖಗೊಂಡ ಎಲ್ಲ ಸರ್ಕಾರಿ ಅಧಿಕಾರಿಗಳ, ರಾಜಕೀಯ ವ್ಯಕ್ತಿಗಳ ಪಟ್ಟಿಯನ್ನು ಸಂಸತ್ತಿನ ಸಮಿತಿಗಳಿಗೆ ಕೊಡಬೇಕು. ವಿಮಾನ ಹತ್ತಿದವರು, ಪತ್ರಿಕಾ ತುಣುಕಿನಲ್ಲಿ ಬಂದವರು, ಇನ್ನೊಬ್ಬರು ಜಂಭಕ್ಕೆ ಹೆಸರಿಸಿದವರು ಎಲ್ಲರೂ ಆ ಕಲಮಿನ ಅಳತೆಗೆ ಸಮಾನವಾಗಿ ಹೊಂದುತ್ತಾರೆ. ಪಟ್ಟಿ ಓದುವವರು ಹೆಸರಿನ ಜೊತೆ ಪುಟವನ್ನೂ ಕೇಳಬೇಕು. ಜುಫ್ರೆ ದಾವೆಯ ಸಂಖ್ಯೆ 15-ಸಿವಿ-7433. 2024ರಲ್ಲಿ ತೆರೆದ ಮೊದಲ ಕಂತು ಅದರ ದಾಖಲೆ 1320ರ ಕೆಳಗಿದೆ. ‘ಕೋರ್ಟ್‌ಲಿಸನರ್’ ಜಾಲತಾಣದಲ್ಲಿ ದುಡ್ಡು ಕೊಡದೆ ಸಿಗುತ್ತದೆ. 2016ರ ಆ ಹೇಳಿಕೆಯಲ್ಲಿ ಮೊದಲು ‘ವ್ಯಾನಿಟಿ ಫೇರ್’ ಎಂದು ಹುಡುಕಿ, ಅಲ್ಲಿಂದ ಮುಂದಕ್ಕೆ ಓದಿ.